ಬಣ್ಣ ಬಿಡಿ, ಬೇರು ನೋಡಿ: ಕ್ಯಾಲ್ವರ್ಟ್ ದಂಡೆಯ ಶಾರ್ಕ್ ಹಲ್ಲುಗಳು

ಪಳೆಯುಳಿಕೆಯಾದ ಶಾರ್ಕ್ ಹಲ್ಲು ಕೈಗೆ ಸಿಕ್ಕಿದರೆ ಮೊದಲು ಎಲ್ಲರ ಕಣ್ಣು ಹೋಗುವುದು ಬಣ್ಣಕ್ಕೆ, ಆಮೇಲೆ ಅಳತೆಗೆ. ಗುರುತು ಹಿಡಿಯುವ ಕೆಲಸದಲ್ಲಿ ಇವೆರಡರಿಂದಲೂ ದೊಡ್ಡ ಪ್ರಯೋಜನವಿಲ್ಲ. ಕಪ್ಪಗಿದ್ದರೆ ಹಳೆಯದು, ತಿಳಿಯಾಗಿದ್ದರೆ ಹೊಸದು ಎಂಬ ಲೆಕ್ಕ ಸುಳ್ಳು. ಹಲ್ಲು ಯಾವ ಮಣ್ಣಿನಲ್ಲಿ ಹೂತಿತ್ತೋ ಆ ಮಣ್ಣಿನ ಖನಿಜ ಅದಕ್ಕೆ ಬಣ್ಣ ಹಚ್ಚಿದೆ, ಅಷ್ಟೇ. ಒಂದೇ ಕಾಲದ ಒಂದೇ ಪ್ರಭೇದದ ಎರಡು ಹಲ್ಲು ಒಂದು ಬೂದು, ಇನ್ನೊಂದು ಕಡುಗಪ್ಪು ಇರಬಹುದು. ಇನ್ನು ಅಳತೆ: ಒಂದೇ ಬಾಯಿಯ ಮುಂದಿನ ಹಲ್ಲಿಗೂ ಮೂಲೆಯ ಹಲ್ಲಿಗೂ ಮೂರು ಪಟ್ಟು ವ್ಯತ್ಯಾಸ ಇರುತ್ತದೆ. ಹೆಸರು ಹೇಳುವುದು ಬೇರು, ಅಲಗಿನ ಅಂಚು, ಮತ್ತು ಅದು ಸಿಕ್ಕ ಜಾಗ.

ಜಾಗದ ಮಾತು ಬಂತಾದ್ದರಿಂದ ಒಂದು ಜಾಗವನ್ನೇ ಹಿಡಿದು ಹೇಳುವುದು ಒಳ್ಳೆಯದು. ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಕ್ಯಾಲ್ವರ್ಟ್ ಕೌಂಟಿ. ಚೆಸಪೀಕ್ ಕೊಲ್ಲಿಯ ಪಶ್ಚಿಮ ದಂಡೆಯುದ್ದಕ್ಕೂ ಜೇಡಿ, ಮರಳು, ಚಿಪ್ಪುಗಳ ಪದರ ಪದರದ ಕಡಿದಾದ ಗೋಡೆ ನಿಂತಿದೆ; ಕೆಲವು ಕಡೆ ನೂರು ಅಡಿ ದಾಟುತ್ತದೆ. ಮಯೋಸೀನ್ ಕಾಲದ್ದು, ಸುಮಾರು 2 ಕೋಟಿಯಿಂದ 80 ಲಕ್ಷ ವರ್ಷಗಳ ಹಿಂದಿನ ಸಮುದ್ರತಳ. ಅಲೆ ಬುಡವನ್ನು ತಿನ್ನುತ್ತದೆ, ಗೋಡೆ ಕುಸಿಯುತ್ತದೆ, ಒಳಗಿದ್ದ ಹಲ್ಲು ದಂಡೆಗೆ ಬೀಳುತ್ತದೆ. ವಾಷಿಂಗ್ಟನ್ ಡಿ.ಸಿ.ಯ ಆಸುಪಾಸಿನಲ್ಲಿರುವ ಕನ್ನಡಿಗರಿಗೆ ಬೆಳಿಗ್ಗೆ ಹೋಗಿ ಮಧ್ಯಾಹ್ನದ ಊಟಕ್ಕೆ ಮನೆ ಸೇರುವಷ್ಟು ದೂರ.

ಊರಿಗೆ ಹೋದಾಗ ಕರ್ನಾಟಕದಲ್ಲಿ ಹುಡುಕೋಣ ಎಂದುಕೊಂಡವರಿಗೆ ಒಂದು ಮಾತು: ಬೇಡ. ಲಾಲ್‌ಬಾಗ್ ಗುಡ್ಡದ ಕಲ್ಲಿಗೆ ಸುಮಾರು 300 ಕೋಟಿ ವರ್ಷ. ಅದು ಶಾರ್ಕ್ ಹಾಗಿರಲಿ, ಬೆನ್ನೆಲುಬೆಂಬುದೇ ಹುಟ್ಟದ ಕಾಲ. ನಮ್ಮ ನೆಲದ ಬಹುಪಾಲು ಅಂಥದ್ದೇ ಮುದಿ ಕಲ್ಲು. ಭಾರತದಲ್ಲಿ ಶಾರ್ಕ್ ಹಲ್ಲು ಸಿಗುವುದು ಕಛ್‌ನಲ್ಲಿ, ತಮಿಳುನಾಡಿನ ಅರಿಯಲೂರು ಕಡೆಯ ಕ್ರಿಟೇಷಿಯಸ್ (ಡೈನೊಸಾರ್‌ಗಳಿದ್ದ ಕಾಲದ) ಪದರಗಳಲ್ಲಿ, ಒಡಿಶಾದ ಬಾರಿಪದದ ಬಳಿ. ಬಾರಿಪದದ ಪದರಗಳೂ ಮಯೋಸೀನ್ ಕಾಲದವೇ. ಕ್ಯಾಲ್ವರ್ಟ್‌ನಲ್ಲಿ ಸಿಗುವ ಹೆಮಿಪ್ರಿಸ್ಟಿಸ್ ಎಂಬ ಶಾರ್ಕಿನ, ಮೆಗಲಡಾನ್ ಎಂಬ ದೈತ್ಯ ಶಾರ್ಕಿನ ಹಲ್ಲುಗಳು ಅಲ್ಲಿಂದಲೂ ವರದಿಯಾಗಿವೆ.

ಮೊದಲು ಕಟ್ಟುಪಾಡು. ಕ್ಯಾಲ್ವರ್ಟ್ ಕ್ಲಿಫ್ಸ್ ಸ್ಟೇಟ್ ಪಾರ್ಕ್‌ನಲ್ಲಿ ಗಾಡಿ ನಿಲ್ಲಿಸಿ ಕಾಡಿನ ದಾರಿಯಲ್ಲಿ 1.8 ಮೈಲಿ ನಡೆದರೆ ದಂಡೆ. ಅಲ್ಲಿ ತೆರೆದಿರುವ ಮರಳು ಸಣ್ಣದು. ಗೋಡೆಯ ಬುಡದಲ್ಲಿ ಓಡಾಡುವುದು, ಗೋಡೆಯನ್ನು ಅಗೆಯುವುದು ನಿಷಿದ್ಧ. ಇದನ್ನು ಬರೀ ಬೋರ್ಡಿನ ಮಾತು ಎಂದುಕೊಳ್ಳಬೇಡಿ. ಆ ಜೇಡಿಗೋಡೆ ಮಳೆಯಾದ ಮರುದಿನವೂ ಕುಸಿಯುತ್ತದೆ, ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನೀರು ಕರಗುವಾಗಲೂ ಕುಸಿಯುತ್ತದೆ, ಏನೂ ಕಾರಣವಿಲ್ಲದಂತೆ ಕಾಣುವ ಬಿಸಿಲ ಮಧ್ಯಾಹ್ನವೂ ಕುಸಿಯುತ್ತದೆ. ಟನ್ನುಗಟ್ಟಲೆ ಮಣ್ಣು ಬರುವುದಕ್ಕೆ ಮುಂಚೆ ಸದ್ದು ಕೇಳಿಸುವುದಿಲ್ಲ. ಗೋಡೆಯಲ್ಲಿ ಹಲ್ಲು ಕಣ್ಣಿಗೆ ಕಂಡರೂ ಬಿಟ್ಟು ಬನ್ನಿ. ಒಂದಲ್ಲ ಒಂದು ಗಾಳಿಮಳೆ ಅದನ್ನು ತಾನೇ ಕೆಳಗಿಳಿಸುತ್ತದೆ. ಪಾರ್ಕ್ ಬಿಟ್ಟು ಬೇರೆ ಕಡೆ ನಡೆಯುವುದಾದರೆ, ಮೇರಿಲ್ಯಾಂಡ್‌ನಲ್ಲಿ ಸರಾಸರಿ ಉಬ್ಬರದ ಗೆರೆಯಿಂದ ಮೇಲಿನದು ಖಾಸಗಿ ಜಮೀನಾಗಿರಬಹುದು, ಕೆಳಗಿನದು ಸಾರ್ವಜನಿಕ. ಆದರೆ ಅಲ್ಲಿಗೆ ಇಳಿಯುವ ದಾರಿ ಯಾರದ್ದೆಂದು ಮೊದಲೇ ಕೇಳಿಕೊಳ್ಳಿ.

ಯಾವಾಗ ಹೋಗಬೇಕು? ಇಳಿತದ ಹೊತ್ತಿಗೆ ಎಂದು ಎಲ್ಲರೂ ಹೇಳುತ್ತಾರೆ. ಈ ಕೊಲ್ಲಿಯಲ್ಲಿ ಅದು ಅರ್ಧ ಸತ್ಯ. ಇಲ್ಲಿ ಉಬ್ಬರ ಇಳಿತದ ವ್ಯತ್ಯಾಸ ಒಂದೂವರೆ ಅಡಿಯೂ ಇಲ್ಲ. ಗಾಳಿಯ ಆಟವೇ ಹೆಚ್ಚು. ಚಳಿಗಾಲದಲ್ಲಿ ವಾಯವ್ಯದಿಂದ ಒಂದೆರಡು ದಿನ ಬಿಡದೆ ಗಾಳಿ ಬೀಸಿದರೆ ಕೊಲ್ಲಿಯ ನೀರು ದಕ್ಷಿಣಕ್ಕೆ ತಳ್ಳಿಹೋಗಿ, ವೇಳಾಪಟ್ಟಿ ಹೇಳುವುದಕ್ಕಿಂತ ತುಂಬಾ ಕೆಳಗೆ ನೀರು ಇಳಿಯುತ್ತದೆ. ಬೇಸಿಗೆಯಲ್ಲಿ ಎಂದೂ ಕಾಣದ ಜಲ್ಲಿಪಟ್ಟಿ ಆಗ ಬಯಲಾಗುತ್ತದೆ. ಪೂರ್ವದ ಗಾಳಿ ಜೋರಾಗಿದ್ದರೆ ಇದಕ್ಕೆ ತಿರುಗುಮುರುಗು: ನೀರು ಬುಡದವರೆಗೂ ಬಂದಿರುತ್ತದೆ, ಹೋಗಿ ಪ್ರಯೋಜನವಿಲ್ಲ. ಆದರೆ ಆ ಗಾಳಿ ನಿಂತ ಮರುದಿನ ಒಳ್ಳೆಯ ದಿನ, ಏಕೆಂದರೆ ಹಳೆಯ ಮರಳು ಕೆದರಿ ಹೊಸ ಜಲ್ಲಿ ಮೇಲೆ ಬಂದಿರುತ್ತದೆ. ಬೇಸಿಗೆಯ ನಡುವಿನಲ್ಲಿ ಮೊಣಕಾಲು ನೀರಿಗಿಳಿದರೆ ಕುಟುಕುವ ಲೋಳೆಮೀನುಗಳು. ಮಕ್ಕಳಿದ್ದರೆ ಉದ್ದ ಪ್ಯಾಂಟ್ ಹಾಕಿಸಿ.

ದಂಡೆ ಪೂರ್ವಕ್ಕೆ ಮುಖಮಾಡಿದೆ. ಬೆಳಗಿನ ಓರೆ ಬಿಸಿಲಿನಲ್ಲಿ ಒದ್ದೆ ಹಲ್ಲಿನ ಎನಾಮೆಲ್ ಫಳಕ್ಕನೆ ಹೊಳೆಯುತ್ತದೆ. ಹತ್ತೂವರೆಯ ಮೇಲೆ ಎಲ್ಲವೂ ಒಂದೇ ಕಪ್ಪಾಗಿ ಕಾಣುತ್ತದೆ. ಇಡೀ ದಂಡೆಯ ಮೇಲೆ ಕಣ್ಣಾಡಿಸಿದರೆ ಏನೂ ಸಿಗುವುದಿಲ್ಲ. ಅಲೆ ಬಂದು ಹಿಂದೆ ಸರಿಯುವ ಜಾಗದಲ್ಲಿ ಚಿಪ್ಪಿನ ಚೂರು, ಜಲ್ಲಿ ಒಟ್ಟುಗೂಡಿದ ಗೆರೆಯೊಂದಿರುತ್ತದೆ. ಹಲ್ಲಿನ ತೂಕದ ವಸ್ತುಗಳನ್ನೆಲ್ಲ ನೀರು ಅಲ್ಲೇ ತಂದು ಬಿಡುತ್ತದೆ. ಬಿದ್ದ ಮರದ ಹಿಂಬದಿ, ದೊಡ್ಡ ಕಲ್ಲಿನ ಮಗ್ಗುಲು, ಹಳ್ಳ ಕೊಲ್ಲಿಗೆ ಸೇರುವ ಬಾಯಿ, ಇವೂ ಅಷ್ಟೇ ಒಳ್ಳೆಯವು. ಒಂದು ಚದರ ಗಜವನ್ನು ಐದು ನಿಮಿಷ ನೋಡಿ, ಅಕ್ಕಿಯಲ್ಲಿ ಕಲ್ಲು ಆರಿಸುವಂತೆ. ಅಜ್ಜಿಯ ಪಕ್ಕ ಕೂತು ಅಕ್ಕಿ ಆರಿಸಿದವರಿಗೆ ಈ ಕಲೆ ಬೇರೆ ಕಲಿಸಬೇಕಾಗಿಲ್ಲ: ಬಣ್ಣಕ್ಕಲ್ಲ, ಆಕಾರ ತಪ್ಪಿದ್ದಕ್ಕೆ ಕಣ್ಣು ಕೊಡಬೇಕು. ಇಲ್ಲಿ ಸಿಗುವುದರಲ್ಲಿ ಹೆಚ್ಚಿನವು ಅರ್ಧ ಇಂಚಿನೊಳಗಿನವು. ಅಂಗೈಯಗಲದ ಮೆಗಲಡಾನ್ ಹಲ್ಲನ್ನೇ ಹುಡುಕಿ ಬಂದವರು ಕಾಲಡಿಯ ಇಪ್ಪತ್ತು ಹಲ್ಲು ತುಳಿದು ಹೋಗಿರುತ್ತಾರೆ.

ಜರಡಿ ಬೇಕೆನಿಸಿದರೆ ಮನೆಯಲ್ಲೇ ಮಾಡಿಕೊಳ್ಳುವುದು ಸುಲಭ. ಒಳ ಅಳತೆ 18 × 12 ಇಂಚಿನ ಮರದ ಚೌಕಟ್ಟು, ಮೂರು ಇಂಚು ಎತ್ತರ. ಅಡಿಗೆ ಕಾಲು ಇಂಚಿನ ಚೌಕಕಣ್ಣಿನ ತಂತಿಜಾಲರಿ, ಹಾರ್ಡ್‌ವೇರ್ ಅಂಗಡಿಯಲ್ಲಿ ಹಾರ್ಡ್‌ವೇರ್ ಕ್ಲಾತ್ ಎಂದು ಕೇಳಿ. ಕೋಳಿಗೂಡಿನ ಆರುಮೂಲೆಯ ಜಾಲರಿ ತರಬೇಡಿ. ಎರಡು ಸಲಿಕೆ ಜಲ್ಲಿಗೇ ಜೋತುಬಿದ್ದು ಕಣ್ಣು ಅಗಲವಾಗುತ್ತದೆ. ಜಾಲರಿಯನ್ನು ಬರೀ ಸ್ಟೇಪಲ್ ಪಿನ್ನಿನಿಂದ ಹೊಡೆದರೆ ಎರಡನೇ ವಾರಕ್ಕೆ ಕಿತ್ತು ಬರುತ್ತದೆ. ಚೌಕಟ್ಟಿಗೂ ಒಂದು ಮರದ ಪಟ್ಟಿಗೂ ನಡುವೆ ಅದನ್ನು ಸಿಕ್ಕಿಸಿ ಸ್ಟೇನ್‌ಲೆಸ್ ಸ್ಕ್ರೂ ಬಿಗಿಯಿರಿ. ಕತ್ತರಿಸಿದ ತಂತಿತುದಿಗಳು ಪಟ್ಟಿಯ ಒಳಗೆ ಅಡಗುತ್ತವೆ, ಕೈ ಗೀರುವುದಿಲ್ಲ, ತುಕ್ಕೂ ತಡವಾಗಿ ಹತ್ತುತ್ತದೆ. ಮಕ್ಕಳು ಈಜಲು ಹಿಡಿಯುವ ನೊರೆ ಕೊಳವೆ ಎರಡನ್ನು ಮಗ್ಗುಲಿಗೆ ಕಟ್ಟಿದರೆ ಜರಡಿ ತೇಲುತ್ತದೆ, ಬೆನ್ನು ಉಳಿಯುತ್ತದೆ.

ತುಂಬುವುದು ಮೂರನೇ ಒಂದು ಭಾಗ ಮಾತ್ರ. ಅಂಚಿನವರೆಗೆ ತುಂಬಿದರೆ ನೀರು ಒಳಗೆ ಆಡುವುದಿಲ್ಲ, ಜೇಡಿಯ ಉಂಡೆ ಕರಗುವುದಿಲ್ಲ, ಮತ್ತು ಆ ಉಂಡೆಯೊಳಗೇ ಹಲ್ಲಿರುತ್ತದೆ. ನೀರಿನ ಮಟ್ಟಕ್ಕೆ ಹಿಡಿದು ಅಕ್ಕಿ ಗಾಳಿಸುವ ಹಾಗೆ ಸುತ್ತಿಸಿ, ಆಮೇಲೆ ಮೇಲೆ ಕೆಳಗೆ ಎರಡು ಸಲ ಕುಲುಕಿ. ಒದ್ದೆಯಿರುವಾಗಲೇ ಒಮ್ಮೆ ನೋಡಿ, ಕೈಯಿಂದ ಹರವಿ ಇನ್ನೊಮ್ಮೆ ನೋಡಿ. ಕಾಲಿಂಚಿನ ಕಣ್ಣಿನಿಂದ ಜಾರಿಹೋಗುವ ಪುಟಾಣಿ ಹಲ್ಲುಗಳು ಬೇಕಿದ್ದರೆ ಬೇರೆ ದಾರಿಯಿದೆ: ಮರಳು ಹೊತ್ತು ತರಲು ಅನುಮತಿ ಇರುವ ಜಾಗದಿಂದ ಎರಡು ಕಿಲೋ ತಂದು, ಒಣಗಿಸಿ, ಜಾಲರಿ ಬದಲಿಸುವ ಅಡುಗೆಮನೆಯ ಸ್ಟೀಲ್ ಜರಡಿಯಲ್ಲಿ ಹಾಯಿಸಿ. ರವೆ ಜರಡಿಯ ಮೇಲೆ ನಿಂತದ್ದನ್ನು ಬಿಳಿ ತಟ್ಟೆಗೆ ಸುರಿದು ಒದ್ದೆ ಕುಂಚದ ತುದಿಯಿಂದ ಆರಿಸಿ. ಆ ಜರಡಿಯನ್ನು ಮತ್ತೆ ಅಡುಗೆಗೆ ತರಬೇಡಿ ಎಂದು ಹೇಳಬೇಕಾಗಿಲ್ಲ ತಾನೇ.

ಇನ್ನು ಸಿಕ್ಕಿದ್ದು ಹಲ್ಲೇ ಹೌದೇ? ಕಪ್ಪು ಮುಕ್ಕೋನವೆಲ್ಲ ಹಲ್ಲಲ್ಲ. ಚಿಪ್ಪಿನ ಚೂರನ್ನು ಮಗ್ಗುಲಿನಿಂದ ನೋಡಿದರೆ ಈರುಳ್ಳಿಯ ಹಾಗೆ ಪದರ ಕಾಣುತ್ತದೆ. ಕಬ್ಬಿಣದ ಕಲ್ಲು ಒಣಗಿದಾಗ ಮಂಕು, ತುಕ್ಕುಗೆಂಪು ಹತ್ತುತ್ತದೆ. ಏಡಿಯ ಕೊಂಬಿನ ತುದಿ ಮಾತ್ರ ನುರಿತವರನ್ನೂ ಮೋಸಮಾಡುತ್ತದೆ. ಬುಡದ ಕಡೆಯಿಂದ ನೋಡಿ, ಒಳಗೆ ಟೊಳ್ಳು. (ಬೇರು ಬೆಳೆಯುವ ಮೊದಲೇ ಹೂತುಹೋದ ಶಾರ್ಕ್ ಹಲ್ಲೂ ಟೊಳ್ಳಾಗಿರುತ್ತದೆ, ಆದರೆ ಅದಕ್ಕೆ ಎರಡು ಅಂಚು ಸ್ಪಷ್ಟ ಇರುತ್ತದೆ.) ನಿಜವಾದ ಹಲ್ಲಿನಲ್ಲಿ ಎರಡು ಬಗೆಯ ಮೈ: ಒಣಗಿದರೂ ಗಾಜಿನಂತೆ ಮಿನುಗುವ ಅಲಗು, ಸಣ್ಣ ಸಣ್ಣ ರಂಧ್ರಗಳ ಮಂಕಾದ ಬೇರು. ಇವೆರಡೂ ಕೂಡುವ ಗೆರೆ ಕಂಡರೆ ಅನುಮಾನ ಬೇಡ. ಬಾಚಣಿಗೆಯ ಹಾಗೆ ಒಂದು ಬದಿ ಸಾಲುಗೀರುಗಳಿರುವ ಚಪ್ಪಟೆ ಕಪ್ಪು ಪಟ್ಟಿ ಸಿಕ್ಕರೆ ಅದೂ ಹಲ್ಲೇ, ಶಾರ್ಕಿನದಲ್ಲ, ಅದರ ದಾಯಾದಿ ತೊರಕೆ ಮೀನಿನದು. ಕಪ್ಪೆಚಿಪ್ಪು ಪುಡಿಮಾಡುವ ಹಾಸುಗಲ್ಲು ಅದು.

ಹಲ್ಲನ್ನು ಹಿಡಿದು ನೋಡುವ ಕ್ರಮ ಕಲಿತರೆ ಅರ್ಧ ಕೆಲಸ ಮುಗಿಯಿತು. ಎರಡು ಮೈಯಲ್ಲಿ ಚಪ್ಪಟೆಯದು ತುಟಿಯ ಕಡೆಯದು, ಉಬ್ಬಿದ್ದು ನಾಲಿಗೆಯ ಕಡೆಯದು. ಉಬ್ಬಿದ ಮೈಯನ್ನು ನಿಮ್ಮ ಕಡೆಗಿಟ್ಟು, ಬೇರನ್ನು ಮೇಲೆ, ಮೊನೆಯನ್ನು ಕೆಳಗೆ ಮಾಡಿ. ಮೊನೆ ಒಂದು ಕಡೆ ವಾಲಿದ್ದರೆ ಅದು ದವಡೆಯ ಮೂಲೆಯ ಕಡೆ. ವಾಲದೆ ನೇರ ನಿಂತದ್ದು ಬಾಯಿಯ ಮುಂಭಾಗದ್ದು. ಅನೇಕ ಶಾರ್ಕ್‌ಗಳಲ್ಲಿ ಮೇಲಿನ ಹಲ್ಲು ಅಗಲ, ಕತ್ತರಿಸುವುದಕ್ಕೆ. ಕೆಳಗಿನದು ಸಪೂರ, ಚುಚ್ಚಿ ಹಿಡಿಯುವುದಕ್ಕೆ. ಇದು ತಿಳಿಯದೆ ಒಂದೇ ಶಾರ್ಕಿನ ಮೇಲಿನ ಹಲ್ಲಿಗೊಂದು ಹೆಸರು, ಕೆಳಗಿನದಕ್ಕೊಂದು ಹೆಸರು ಬರೆದ ಡಬ್ಬಿಗಳಿಗೆ ಲೆಕ್ಕವಿಲ್ಲ. ಮಂಗಳೂರು, ಮಲ್ಪೆ ಕಡೆಯವರಿಗೆ ಇಲ್ಲೊಂದು ಅನುಕೂಲವಿದೆ. ದಕ್ಕೆಗೆ ಬರುವ ಸಣ್ಣ ತಾಟೆಯ, ಅಂದರೆ ಶಾರ್ಕಿನ, ಬಾಯಿ ಬಿಡಿಸಿ ನೋಡಿ: ಮುಂದಿನ ಹಲ್ಲಿಗೂ ಮೂಲೆಯ ಹಲ್ಲಿಗೂ ಎಷ್ಟು ಅಂತರ, ಹಿಂದೆ ಸಾಲುಸಾಲಾಗಿ ಮಲಗಿದ ಬದಲಿ ಹಲ್ಲುಗಳು ಹೇಗೆ ಕಾಯುತ್ತಿವೆ ಎಂದು ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ.

ಈಗ ಹತ್ತು ಪಟ್ಟು ದೊಡ್ಡದು ಮಾಡುವ ಸಣ್ಣ ಲೂಪ್ ಕೈಗೆ ತೆಗೆದುಕೊಳ್ಳಿ. ಮೊದಲ ಪ್ರಶ್ನೆ: ಅಂಚಿನಲ್ಲಿ ಗರಗಸ ಇದೆಯೇ, ಎಲ್ಲಿಯವರೆಗೆ ಇದೆ? ಎರಡನೆಯದು: ಬೇರಿನ ಉಬ್ಬಿದ ಮೈಯ ನಡುವೆ ಮೇಲಿನಿಂದ ಕೆಳಗೆ ತೋಡು ಇದೆಯೇ? ಮೂರನೆಯದು: ಅಲಗಿನ ಬುಡದ ಎರಡೂ ಪಕ್ಕ ಪುಟ್ಟ ಮೊನೆಗಳಿವೆಯೇ? ಕ್ಯಾಲ್ವರ್ಟ್ ದಂಡೆಯ ಬಹುಪಾಲು ಹಲ್ಲುಗಳು ಈ ಮೂರು ಪ್ರಶ್ನೆಗಳಿಗೆ ಬಗ್ಗುತ್ತವೆ.

ಹೆಮಿಪ್ರಿಸ್ಟಿಸ್ ಸೆರ್ರಾದ ಮೇಲ್ದವಡೆಯ ಹಲ್ಲೊಂದನ್ನು ಲೂಪಿನ ಕೆಳಗಿಡಿ. ಮೂಲೆಯ ಕಡೆಯ ಅಂಚಿನಲ್ಲಿ ಮರಗೆಲಸದ ಗರಗಸದಂಥ ದಪ್ಪ ಹಲ್ಲುಗಳು, ಬರಿಗಣ್ಣಿಗೇ ಎಣಿಸಬಹುದು. ಇನ್ನೊಂದು ಅಂಚಿನಲ್ಲೂ ಇವೆ, ಸ್ವಲ್ಪ ಸಣ್ಣವು. ಎರಡೂ ಕಡೆ ಗರಗಸ ಮೊನೆಗೆ ಇನ್ನೇನು ತಲುಪಬೇಕು ಎನ್ನುವಾಗ ನಿಂತುಬಿಡುತ್ತದೆ. ತುದಿ ನುಣುಪಾದ ಚಾಕು. ಈ ಬೋಳು ತುದಿಯೇ ಇದರ ಸಹಿ. ತಿರುಗಿಸಿದರೆ ಬೇರಿನ ನಡುವೆ ಮೂಗಿನ ಹಾಗೆ ಎದ್ದ ಉಬ್ಬು, ಅದರ ಮೇಲೆ ತೋಡು. ಇದೇ ಶಾರ್ಕಿನ ಕೆಳದವಡೆಯ ಹಲ್ಲು ನೋಡಿದರೆ ನಂಬುವುದೇ ಕಷ್ಟ: ಉದ್ದ, ಸಪೂರ, ಕೊಕ್ಕೆಯಂಥದ್ದು, ಬುಡದಲ್ಲಿ ಮಾತ್ರ ಒಂದೆರಡು ಪುಟ್ಟ ಮೊನೆ. ಹೊಸಬರು ಇದನ್ನು ಸ್ಯಾಂಡ್ ಟೈಗರ್ ಶಾರ್ಕ್ ಎಂದೇ ಬರೆಯುತ್ತಾರೆ. ಬೇರಿನ ಆ ಮೂಗು ನೋಡಿದರೆ ತಪ್ಪುವುದಿಲ್ಲ. ಈ ಕುಲದಲ್ಲಿ ಇಂದಿಗೂ ಬದುಕಿರುವುದು ಒಂದೇ ಪ್ರಭೇದ, ಹೆಮಿಪ್ರಿಸ್ಟಿಸ್ ಎಲಾಂಗೇಟಾ. ಅದು ನಮ್ಮ ಹಿಂದೂ ಮಹಾಸಾಗರದ ಕಡೆಯದು.

ಟೈಗರ್ ಶಾರ್ಕ್ ಗುಂಪಿನ ಗ್ಯಾಲಿಯೊಸರ್ಡೊ ಹಲ್ಲಿಗೆ ಒಂದು ಕಡೆ ಕಮಾನಿನಂತೆ ಬಾಗಿದ ಅಂಚು, ಇನ್ನೊಂದು ಕಡೆ ಆಳದ ಕಚ್ಚು. ಕಚ್ಚಿನ ಕೆಳಗಿನ ಹಿಮ್ಮಡಿಯ ಮೇಲೆ ದಪ್ಪ ಗರಗಸ, ಹೊರಗೆ ಹೋದಂತೆ ಸಣ್ಣದಾಗುತ್ತದೆ. ಕೋಳಿಯ ಜುಟ್ಟು ನೆನಪಾದರೆ ಇದೇ. ಇದರಂತೆಯೇ ಕಂಡು, ಅಲಗು ಮಾತ್ರ ಸಪೂರವಾಗಿ ತಿರುಚಿಕೊಂಡಿದ್ದರೆ ಅದು ಫೈಸೊಗೇಲಿಯಸ್ ಕಾಂಟಾರ್ಟಸ್. ಮೇಜಿನ ಮೇಲೆ ಮಲಗಿಸಿ ಪಕ್ಕದಿಂದ ನೋಡಿ, ತಿರುಚು ಎದ್ದು ಕಾಣುತ್ತದೆ. ಹಳೆಯ ಸಂಗ್ರಹಗಳಲ್ಲಿ ಇದನ್ನೂ ಗ್ಯಾಲಿಯೊಸರ್ಡೊ ಎಂದೇ ಬರೆದಿರುತ್ತಾರೆ.

ದಂಡೆಯಲ್ಲಿ ಅತಿ ಹೆಚ್ಚು ಸಿಗುವುದು ಕಾರ್ಕರೈನಸ್, ಬೂದು ಶಾರ್ಕ್‌ಗಳ ಕುಲ. ಮೇಲಿನ ಹಲ್ಲು ಮುಕ್ಕೋನ, ಸಣ್ಣ ಗರಗಸ ಮೊನೆಯವರೆಗೂ ಹೋಗುತ್ತದೆ. ಹೆಮಿಪ್ರಿಸ್ಟಿಸ್‌ಗೂ ಇದಕ್ಕೂ ಇದೇ ಬೇಲಿ. ಪ್ರಭೇದದ ಹೆಸರು ಹೇಳಲು ಹೋಗಬೇಡಿ. ಬಿಡಿಹಲ್ಲಿನಿಂದ ಈ ಕುಲದ ಪ್ರಭೇದ ಬೇರ್ಪಡಿಸುವುದು ತಜ್ಞರಿಗೇ ತಿಣುಕಾಟ. ಕುಲದ ಹೆಸರಿಗೆ ನಿಲ್ಲಿಸುವುದು ಸೋಲಲ್ಲ, ಪ್ರಾಮಾಣಿಕತೆ. ಸುತ್ತಿಗೆ ತಲೆಯ ಸ್ಫಿರ್ನಾ ಇದರ ಹತ್ತಿರದ ರೂಪವೇ, ಆದರೆ ಅಂಚು ನುಣುಪು ಅಥವಾ ನುಣುಪಿಗೆ ಹತ್ತಿರ, ಬೇರಿನ ತೋಡು ಆಳ. ನಿಂಬೆ ಶಾರ್ಕ್ ನೆಗಪ್ರಿಯಾನ್‌ನದು ಅಗಲದ ತೆಳು ಬೇರಿನ ಮೇಲೆ ನೇರ ಸಪೂರ ಅಲಗು, ತಲೆಕೆಳಗಾದ ಟಿ ಅಕ್ಷರದ ಹಾಗೆ.

ಗರಗಸವಿಲ್ಲದ, ಚಪ್ಪಟೆಯಾದ, ಒಂದಿಂಚಿನ ಮೇಲಿನ ಚೆಂದದ ಹಲ್ಲು ಸಿಕ್ಕರೆ ಬಹುಶಃ ಹಸ್ಟಾಲಿಸ್ ಎಂಬ ಪ್ರಭೇದದ್ದು. ಬೇರಿನಲ್ಲಿ ತೋಡಿಲ್ಲ, ತುಟಿಯ ಕಡೆಯ ಮೈ ಹಲಗೆಯಷ್ಟು ಸಪಾಟು. ಇಂದಿನ ಗ್ರೇಟ್ ವೈಟ್ ಶಾರ್ಕಿನ ಪೂರ್ವಜ ಇದೇ ಸಾಲಿನದೆಂದು ಈಗಿನ ಅಭಿಪ್ರಾಯ. ಪಕ್ಕದ ಪುಟ್ಟ ಮೊನೆಗಳಿದ್ದು, ಅಲಗು ಸೂಜಿಯಂತೆ ಉದ್ದ, ಬೇರಿನ ಎರಡು ಕಾಲು ಚಾಚಿಕೊಂಡು ನಡುವೆ ತೋಡಿದ್ದರೆ ಸ್ಯಾಂಡ್ ಟೈಗರ್. ಆ ಪುಟ್ಟ ಮೊನೆಗಳು ಅಲೆಗೆ ಮೊದಲು ಮುರಿಯುವುದರಿಂದ, ಅವು ಇದ್ದ ಜಾಗದ ಗಾಯ ಹುಡುಕಬೇಕು. ಬಾಚಣಿಗೆಯಂತೆ ಸಾಲಾಗಿ ಐದಾರು ಮೊನೆ ಒಂದೇ ಬೇರಿನ ಮೇಲಿದ್ದರೆ ನೋಟೊರಿಂಕಸ್ ಎಂಬ ಶಾರ್ಕ್. ಸಿಕ್ಕಿದ ದಿನ ಬೇರೆ ಏನೂ ಸಿಗದಿದ್ದರೂ ಪರವಾಗಿಲ್ಲ.

ಇನ್ನು ಮೆಗಲಡಾನ್. ಗುರುತಿಗೆ ಅಳತೆ ಬೇಡ. ಉಬ್ಬಿದ ಮೈಯಲ್ಲಿ ಅಲಗಿಗೂ ಬೇರಿಗೂ ನಡುವೆ ಹೊಳಪಿಲ್ಲದ ವಿ ಆಕಾರದ ಕೊರಳಪಟ್ಟಿ ಇರುತ್ತದೆ. ಇಂಚೂ ಇಲ್ಲದ ಮರಿಹಲ್ಲಿನಲ್ಲೂ ಅದು ಇರುತ್ತದೆ. ಇದರ ಹಿಂದಿನ ಕೊಂಡಿಯಾದ ಚುಬುಟೆನ್ಸಿಸ್‌ಗೆ ಬುಡದಲ್ಲಿ ಪಕ್ಕದ ಮೊನೆಗಳೂ ಉಳಿದಿವೆ. ಗೋಡೆಯ ಹಳೆಯ ಪದರಗಳಲ್ಲಿ ಇದೇ ಹೆಚ್ಚು. ಗ್ರೇಟ್ ವೈಟ್ ಸಿಕ್ಕಿತು ಎಂದು ಯಾರಾದರೂ ತೋರಿಸಿದರೆ ಅನುಮಾನಿಸಿ. ಈ ಗೋಡೆ ಕಟ್ಟಿದ ಕಾಲಕ್ಕೆ ಆ ಪ್ರಭೇದ ಇನ್ನೂ ಬಂದಿರಲಿಲ್ಲ. ಕೊರಳಪಟ್ಟಿ ಹುಡುಕಿ, ಇದ್ದರೆ ಮೆಗಲಡಾನ್ ಸಾಲಿನದು; ಇಲ್ಲವೇ ಬೋಳು ತುದಿ ನೋಡಿ, ಇದ್ದರೆ ಹೆಮಿಪ್ರಿಸ್ಟಿಸ್. ಹಲ್ಲಿನ ಒಂದಿಂಚಿಗೆ ಮೀನಿನ ಹತ್ತಡಿ ಎಂಬ ಲೆಕ್ಕವೊಂದು ಬಾಯಿಂದ ಬಾಯಿಗೆ ಓಡಾಡುತ್ತದೆ. ಹಲ್ಲು ದವಡೆಯ ಯಾವ ಜಾಗದ್ದೆಂದು ತಿಳಿಯದೆ ಆ ಗುಣಾಕಾರ ಮಾಡಿದರೆ ಒಂದೇ ಮೀನು ಇಪ್ಪತ್ತಡಿಯದೂ ಆಗುತ್ತದೆ, ಐವತ್ತಡಿಯದೂ ಆಗುತ್ತದೆ.

ತಪ್ಪು ಹೆಚ್ಚಾಗಿ ಆಗುವುದು ಸವೆದ ಹಲ್ಲಿನಲ್ಲಿ. ವರ್ಷಗಟ್ಟಲೆ ಅಲೆಯಲ್ಲಿ ಹೊರಳಿದ ಹಲ್ಲಿನ ಗರಗಸ ನುಣುಪಾಗಿ ಅಳಿದಿರುತ್ತದೆ, ಆಗ ಕಾರ್ಕರೈನಸ್ ಹೋಗಿ ಸ್ಫಿರ್ನಾ ಆಗಿಬಿಡುತ್ತದೆ. ಕಚ್ಚಿನ ಸಂದಿ ಮತ್ತು ಬೇರಿಗೆ ತಾಗಿದ ಬುಡ ಕೊನೆಗೆ ಸವೆಯುವ ಜಾಗಗಳು. ಗರಗಸದ ಗುರುತು ಅಲ್ಲಿ ಹುಡುಕಿ. ಇದರ ವಿರುದ್ಧದ ಮೋಸವೂ ಉಂಟು. ನುಣುಪಾದ ಅಂಚು ಕಲ್ಲಿಗೆ ತಾಗಿ ಚಕ್ಕೆ ಎದ್ದರೆ ಗರಗಸದಂತೆ ಕಾಣುತ್ತದೆ. ನಿಜವಾದ ಗರಗಸದ ಹಲ್ಲುಗಳು ಸಮ ಅಂತರದಲ್ಲಿರುತ್ತವೆ, ಅವುಗಳ ಮೇಲೂ ಎನಾಮೆಲ್ ಹೊಳಪಿರುತ್ತದೆ. ಚಕ್ಕೆ ಎದ್ದ ಜಾಗ ಒಳಗಿನಿಂದ ಮಂಕು.

ಸಿಕ್ಕ ಜಾಗವೂ ಹೆಸರು ಹೇಳುತ್ತದೆ ಎಂದು ಮೊದಲು ಹೇಳಿದ್ದು ಸುಮ್ಮನೆ ಅಲ್ಲ. ಇದೇ ಮೇರಿಲ್ಯಾಂಡ್‌ನಲ್ಲಿ ಪಶ್ಚಿಮಕ್ಕೆ, ಪೊಟೊಮ್ಯಾಕ್ ನದಿಯ ದಂಡೆಯ ಪರ್ಸ್ ಎಂಬ ಜಾಗದಲ್ಲೂ ಕಪ್ಪು ಹಲ್ಲು ಸಿಗುತ್ತವೆ. ಅಲ್ಲಿನ ಅಕ್ವಾಯ ಪದರಕ್ಕೆ ಸುಮಾರು 6 ಕೋಟಿ ವರ್ಷ. ಅಲ್ಲಿ ಹೆಮಿಪ್ರಿಸ್ಟಿಸ್ ಇಲ್ಲ, ಮೆಗಲಡಾನ್ ಇಲ್ಲ. ಬದಲಿಗೆ ದಪ್ಪ ಬೇರಿನ ಒಟೊಡಸ್ ಆಬ್ಲಿಕ್ವಸ್, ಒಳಮೈಯಲ್ಲಿ ನೂಲಿನಂಥ ಗೆರೆಗಳಿರುವ ಸ್ಟ್ರಯಾಟೊಲಾಮಿಯಾ ಎಂಬ ಶಾರ್ಕ್‌ಗಳ ಹಲ್ಲು. ಎರಡೂ ಕಡೆಯ ಹಲ್ಲು ಒಂದೇ ಡಬ್ಬಿಯಲ್ಲಿ ಕಲೆತರೆ ಸೂಜಿಯಂಥ ಹಲ್ಲುಗಳನ್ನು ಮತ್ತೆ ಬೇರ್ಪಡಿಸಲು ಆಗುವುದೇ ಇಲ್ಲ. ಕ್ಯಾಲ್ವರ್ಟ್‌ನೊಳಗೂ ವ್ಯತ್ಯಾಸವಿದೆ: ಪದರಗಳು ಆಗ್ನೇಯಕ್ಕೆ ಮೆಲ್ಲಗೆ ಇಳಿಜಾರಾಗಿರುವುದರಿಂದ ಉತ್ತರದ ದಂಡೆಗಳಲ್ಲಿ ಹಳೆಯ ಕ್ಯಾಲ್ವರ್ಟ್ ಪದರ, ದಕ್ಷಿಣಕ್ಕೆ ಹೋದಂತೆ ಚಾಪ್‌ಟ್ಯಾಂಕ್, ಆಮೇಲೆ ಸೇಂಟ್ ಮೇರೀಸ್. ಜಾರ್ಜ್ ಬರ್ಬ್ಯಾಂಕ್ ಶಾಟಕ್ 1904ರಲ್ಲಿ ಈ ಗೋಡೆಯನ್ನು 24 ವಲಯಗಳಾಗಿ ಎಣಿಸಿ ಕೊಟ್ಟ ಸಂಖ್ಯೆಗಳನ್ನು ಸಂಗ್ರಹಕಾರರು ಈಗಲೂ ಬಳಸುತ್ತಾರೆ. ಫ್ಲಾರಿಡಾದ ಪೀಸ್ ನದಿಯಲ್ಲಿ ಈ ಸವಲತ್ತಿಲ್ಲ. ನದಿ ಹಲವು ಕಾಲದ ಪದರಗಳನ್ನು ಕೊರೆದು ಒಂದೇ ಜಲ್ಲಿಯಲ್ಲಿ ಕಲಸಿಬಿಟ್ಟಿದೆ. ಮೆಗಲಡಾನ್ ಪಕ್ಕದಲ್ಲೇ ಹಿಮಯುಗದ ಕುದುರೆಯ ಹಲ್ಲು. ಅಲ್ಲಿಗೆ ಹೋಗುವವರು ಗಮನಿಸಿ: ಫ್ಲಾರಿಡಾದ ಸರ್ಕಾರಿ ನೆಲದಲ್ಲಿ ಶಾರ್ಕ್ ಹಲ್ಲಿಗೆ ಪರವಾನಗಿ ಬೇಡ, ಬೇರೆ ಕಶೇರುಕಗಳ ಪಳೆಯುಳಿಕೆಗೆ ಬೇಕು.

ಮನೆಗೆ ತಂದ ಮೇಲೆ ಆತುರ ಬೇಡ. ಸಿಹಿನೀರಿನಲ್ಲಿ ಎರಡು ಮೂರು ದಿನ ನೆನೆಸಿ, ದಿನಕ್ಕೆರಡು ಸಲ ನೀರು ಬದಲಿಸಿ. ಉಪ್ಪು ಒಳಗೇ ಉಳಿದರೆ ಒಣಗುವಾಗ ಹರಳುಗಟ್ಟಿ ಬೇರನ್ನು ಒಳಗಿನಿಂದ ಉದುರಿಸುತ್ತದೆ. ಮೆತ್ತನೆಯ ಹಲ್ಲುಜ್ಜುವ ಬ್ರಷ್ ಸಾಕು. ವಿನೆಗರ್, ನಿಂಬೆಹುಳಿ, ಟಾಯ್ಲೆಟ್ ತೊಳೆಯುವ ಆಸಿಡ್ ಯಾವುದೂ ಬೇಡ. ಹಲ್ಲು ಫಾಸ್ಫೇಟ್, ಹುಳಿಗೆ ಕರಗುತ್ತದೆ, ಮತ್ತು ಬೇರು ಅಲಗಿಗಿಂತ ಮೊದಲು ಹೋಗುತ್ತದೆ. ಬ್ಲೀಚ್ ಕೂಡ ಬೇರನ್ನು ಸುಣ್ಣದಂತೆ ಪುಡಿಪುಡಿ ಮಾಡುತ್ತದೆ. ಒಣಗಿಸುವುದು ನೆರಳಿನಲ್ಲಿ, ಪೇಪರ್ ಟವೆಲ್ ಮೇಲೆ. ಬಿಸಿಲಿಗೋ ಓವನ್ನಿಗೋ ಇಟ್ಟರೆ ಹೊರಗಿನ ಎನಾಮೆಲ್ ಒಳಗಿನ ಡೆಂಟಿನ್‌ಗಿಂತ ಬೇಗ ಒಣಗಿ ಉದ್ದುದ್ದ ಬಿರುಕು ಬಿಡುತ್ತದೆ.

ಬೇರು ಮುಟ್ಟಿದರೆ ಉದುರುವಂತಿದ್ದರೆ ಮಾತ್ರ ಗಟ್ಟಿಮಾಡಿ. ಪ್ಯಾರಲಾಯ್ಡ್ ಬಿ-72 ಎಂಬ ಪಾರದರ್ಶಕ ರಾಳದ ಕಾಳು 5 ಗ್ರಾಂ, ಅಸಿಟೋನ್ 95 ಗ್ರಾಂ, ಗಾಜಿನ ಬಾಟಲಿ. ಕಾಳನ್ನು ನೇರ ಸುರಿದರೆ ತಳದಲ್ಲಿ ಅಂಟುಂಡೆಯಾಗಿ ಕೂರುತ್ತದೆ. ತೆಳು ಬಟ್ಟೆಯಲ್ಲಿ ಕಟ್ಟಿ ಮೇಲೆ ತೂಗುಬಿಟ್ಟರೆ ರಾತ್ರಿ ಬೆಳಗಾಗುವುದರೊಳಗೆ ಕರಗಿರುತ್ತದೆ. ಪೂರ್ತಿ ಒಣಗಿದ ಹಲ್ಲಿಗೆ ಕುಂಚದಿಂದ ಹನಿಸಿ, ಹೀರುವುದು ನಿಲ್ಲುವವರೆಗೆ. ಮೇಲೆ ಬಿಳಿ ಮಂಜು ಕಟ್ಟಿದರೆ ಹಲ್ಲಿನಲ್ಲೋ ಗಾಳಿಯಲ್ಲೋ ತೇವವಿತ್ತೆಂದು ಅರ್ಥ. ಅಸಿಟೋನ್ ಒದ್ದೆ ಹತ್ತಿಯಿಂದ ಒರೆಸಿ, ಒಣ ದಿನ ನೋಡಿ ಮತ್ತೆ ಹಚ್ಚಿ. ಸೂಪರ್ ಗ್ಲೂ ಬೇಗ ಹಿಡಿಯುತ್ತದೆ ನಿಜ, ಆದರೆ ಕಾಲಕ್ರಮೇಣ ಹಳದಿಯಾಗುತ್ತದೆ, ಬಿಡಿಸುವುದೂ ಕಷ್ಟ. ಬಿ-72 ಯಾವಾಗ ಬೇಕಾದರೂ ಅಸಿಟೋನ್‌ಗೆ ಬಿಟ್ಟುಕೊಳ್ಳುತ್ತದೆ. ಅಸಿಟೋನ್ ಹತ್ತಿರ ಗ್ಯಾಸ್ ಒಲೆ, ದೇವರ ದೀಪ ಯಾವುದೂ ಉರಿಯುತ್ತಿರಬಾರದು, ಕಿಟಕಿ ತೆರೆದಿರಲಿ.

ಗುರುತು ಸಿಗದವುಗಳ ಚಿತ್ರ ತೆಗೆದು ಕೇಳುವುದಾದರೆ ನಾಲ್ಕು ಚಿತ್ರ ಬೇಕು: ಎರಡೂ ಮೈ, ಮಗ್ಗುಲು, ಅಂಚಿನ ಹತ್ತಿರದ ನೋಟ. ಬೂದು ಹಾಳೆಯ ಮೇಲಿಟ್ಟು ಪಕ್ಕದಲ್ಲಿ ಮಿಲಿಮೀಟರ್ ಅಳತೆಪಟ್ಟಿ ಇಡಿ. ಅಂಗೈ ಮೇಲಿಟ್ಟು ತೆಗೆದ ಚಿತ್ರದಲ್ಲಿ ಕ್ಯಾಮೆರಾ ಕೈರೇಖೆಗೆ ಫೋಕಸ್ ಆಗಿರುತ್ತದೆ, ಹಲ್ಲಿಗಲ್ಲ. ಹತ್ತಿರದಲ್ಲೇ ಸೊಲೊಮನ್ಸ್ ಊರಿನ ಕ್ಯಾಲ್ವರ್ಟ್ ಮರೀನ್ ಮ್ಯೂಸಿಯಂ ಇದೆ. ಗಾಜಿನ ಹಿಂದೆ ಈ ಗೋಡೆಯದೇ ಹಲ್ಲುಗಳನ್ನು ಹೆಸರಿನೊಡನೆ ಇಟ್ಟಿದ್ದಾರೆ. ನಿಮ್ಮದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ ಒಂದೊಂದಾಗಿ ಹೋಲಿಸುವುದಕ್ಕೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ.

ಚೀಟಿ ಬರೆಯುವುದನ್ನು ಅದೇ ಸಂಜೆ ಮುಗಿಸಿ. ಬೇರಿನ ಚಪ್ಪಟೆ ಮೈಯಲ್ಲಿ ಬಿ-72ರ ಸ್ವಲ್ಪ ದಪ್ಪ ದ್ರಾವಣದ, ಅಂದರೆ ನೂರಕ್ಕೆ ಇಪ್ಪತ್ತರದ, ಒಂದು ಚುಕ್ಕೆ ಹಚ್ಚಿ ಒಣಗಿಸಿ. ಅದರ ಮೇಲೆ ಇಂಡಿಯಾ ಇಂಕಿನ ಸಪೂರ ನಿಬ್ಬಿನಿಂದ ಸಂಖ್ಯೆ ಬರೆದು, ಮೇಲೆ ಇನ್ನೊಂದು ಪದರ ಎಳೆಯಿರಿ. ಕಪ್ಪು ಬೇರಿಗೆ ಬಿಳಿ ಇಂಕು. ಡಬ್ಬಿಯೊಳಗಿನ ಚೀಟಿಯಲ್ಲಿ ಅದೇ ಸಂಖ್ಯೆ, ದಂಡೆಯ ಹೆಸರು, ಮೊಬೈಲ್ ತೋರಿಸುವ ಅಕ್ಷಾಂಶ ರೇಖಾಂಶ, ತಾರೀಕು, ಪದರ ಗೊತ್ತಿದ್ದರೆ ಪದರ, ಸಡಿಲ ಜಲ್ಲಿಯಲ್ಲಿ ಸಿಕ್ಕಿದ್ದೋ ಬಿದ್ದ ಜೇಡಿಯುಂಡೆಯಲ್ಲಿ ಸಿಕ್ಕಿದ್ದೋ ಎಂಬುದು. ಇವೆಲ್ಲ ಅಳಿಯದ ಶಾಯಿಯಲ್ಲಿ. ಪ್ರಭೇದದ ಹೆಸರು ಮಾತ್ರ ಪೆನ್ಸಿಲ್‌ನಲ್ಲಿ: ಮೆಗಲಡಾನ್ ಒಂದು ಕಾಲಕ್ಕೆ ಕಾರ್ಕರೊಡಾನ್ ಆಗಿತ್ತು, ಆಮೇಲೆ ಕಾರ್ಕರೊಕ್ಲೀಸ್ ಆಯಿತು, ಈಗ ಹೆಚ್ಚಿನವರು ಒಟೊಡಸ್ ಎನ್ನುತ್ತಾರೆ.